ಮಂಗಳದ ಮಟ್ಟು

ಕಾಸಿಮೇಡಿನ ಹೆಂಗಸು ಬೈದದ್ದನ್ನು ನಾನು ಹಾರೈಕೆ ಮಾಡಿ ಹೇಳಿದೆ.

ಬೆಳಗಿನ ಆರು ಗಂಟೆ. ಚೆನ್ನೈಯ ಆ ಮೀನು ಬಂದರಿನ ನೆಲದ ತುಂಬ ಮೀನಿನ ನೀರು, ಕರಗುತ್ತಿದ್ದ ಐಸು, ಬಗೆದು ಬಿಸಾಡಿದ ಕರುಳು. ಹುಟ್ಟಿದಾಗಿನಿಂದ ಮೀನು ಮುಟ್ಟದವಳು ನಾನು. ಆ ವಾಸನೆಗೆ ಅಲ್ಲೇ ವಾಂತಿಯಾಗುತ್ತದೆ ಎಂದುಕೊಂಡು ಹೋಗಿದ್ದೆ. ಆಗಲಿಲ್ಲ. ನಮ್ಮ ಗುಂಪಿನ ಯೋನಾಸ್ ಎಂಬ ಹುಡುಗ ಆ ಹೆಂಗಸಿನ ಮುಂದೆ ಮಂಡಿಯೂರಿ, ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿ ಫೋನು ಹಿಡಿದ. ಅವಳು ಕತ್ತಿಯನ್ನು ಮೀನಿನಿಂದ ಎತ್ತಿ ಅವನ ಕಡೆ ತಿರುಗಿಸಿ ಅರಚಿದಳು:

"ಉಂಗಮ್ಮಾವ ಪೋಯಿ ಇಪ್ಪಡಿ ಫೋಟೋ ಎಡುಡಾ, ನಾಯೇ!"

ನಿಮ್ಮಮ್ಮನ ಫೋಟೋ ಹೀಗೆ ತೆಗಿ ಹೋಗೋ ನಾಯಿ, ಎಂದು. ಯೋನಾಸ್ ನನ್ನ ಕಡೆ ನೋಡಿದ. ಏನಂದಳು?

"ನಿನ್ನಂಥ ಮಗನನ್ನು ಹೆತ್ತ ನಿನ್ನ ತಾಯಿ ಪುಣ್ಯವಂತೆ ಅಂತಾಳೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಫೋನು ಜೇಬಿಗಿಟ್ಟು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಅವಳಿಗೆ ನಮಸ್ಕರಿಸಿದ. ಅವಳು ಪಕ್ಕಕ್ಕೆ ತಿರುಗಿ ಉಗುಳಿದಳು. ಹೇಸಿಗೆಯಾದದ್ದು ಆಗ. ಮೀನಿಗಲ್ಲ. ನನ್ನ ನಾಲಿಗೆ ಅಷ್ಟು ಸಲೀಸಾಗಿ ಹೊರಳಿತಲ್ಲ, ಅದಕ್ಕೆ.

ಅವರು ನಾಲ್ವರು. ಹತ್ತೊಂಬತ್ತು ಇಪ್ಪತ್ತು ವರ್ಷದವರು. ಯುರೋಪಿನ ಬೇರೆ ಬೇರೆ ಊರುಗಳಿಂದ ಮೂರು ವಾರ ಚೆನ್ನೈಯಲ್ಲಿ ಸೇವೆ ಮಾಡಲು ಬಂದಿದ್ದರು. ಮೀನುಗಾರರ ಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ, ಮಧ್ಯಾಹ್ನ ಗೋಡೆಗೆ ಬಣ್ಣ. ಅದೇ ಗೋಡೆಗೆ ಜೂನ್‌ನಲ್ಲಿ ಬಂದವರು ಸೂರ್ಯಕಾಂತಿ ಬರೆದಿದ್ದರು. ಆಗಸ್ಟಿನಲ್ಲಿ ಬಂದವರು ಸುಣ್ಣ ಬಳಿದು ತಿಮಿಂಗಿಲ ಬರೆದಿದ್ದರು. ಈಗ ಇವರು ತಿಮಿಂಗಿಲ ಅಳಿಸಿ ಮರ ಬರೆಯುತ್ತಿದ್ದರು. ಪ್ರತಿಸಲವೂ ಬಣ್ಣ ಒಣಗುವ ತನಕ ಎರಡನೆಯ ಕ್ಲಾಸಿನ ಮಕ್ಕಳು ಮೆಟ್ಟಿಲ ಮೇಲೆ ಕೂತು ಕಾಗುಣಿತ ಬರೆಯುತ್ತಿದ್ದವು. ಟರ್ಪೆಂಟೈನ್ ವಾಸನೆಗೆ ಕೆಮ್ಮುತ್ತಿದ್ದವು. ಫೋಟೋ ತೆಗೆಯುವಾಗ ಮಾತ್ರ ಒಳಗೆ ಕರೆಯುತ್ತಿದ್ದರು, ಕೈಗೆ ಬಣ್ಣ ಮೆತ್ತಿ ಗೋಡೆಗೆ ಒತ್ತಿಸಲು. ಆ ಕೈಗುರುತುಗಳ ಮೇಲೂ ನವೆಂಬರಿನಲ್ಲಿ ಸುಣ್ಣ ಬೀಳುತ್ತದೆಂದು ಮಕ್ಕಳಿಗೂ ಗೊತ್ತಿತ್ತು.

ನಾನು ದುಭಾಷಿ. ಅಲ್ಲಿ ತಮಿಳು, ಇಲ್ಲಿ ಇಂಗ್ಲಿಷು, ಮನೆಗೆ ಬಂದರೆ ಕನ್ನಡ. ನನ್ನನ್ನು ಯಾರೂ ಹಿಡಿದು ಕೂರಿಸಿರಲಿಲ್ಲ. ನನಗೂ ಅವರ ಹಾಗೆಯೇ ಹೊರದೇಶಕ್ಕೆ ಹೋಗಬೇಕಿತ್ತು. ಡೆನ್ಮಾರ್ಕಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಒಂದು ವರ್ಷದ ಸೇವೆ. ಕೆಲಸ ಏನೆಂದರೆ ಮುದುಕರ ಪಕ್ಕ ಕೂತು, ಅವರು ಹೇಳುವುದನ್ನು ಕೇಳುವುದು. ಭಾಷೆಯನ್ನು ಅವರೇ ಕಲಿಸುತ್ತಾರಂತೆ. ಅರ್ಜಿಯಲ್ಲಿ ಆ ಸಾಲು ಓದಿದಾಗ, ಇದು ನನಗಾಗಿಯೇ ಬರೆದದ್ದು ಎನಿಸಿತ್ತು. ಕೇಳುವುದೊಂದೇ ನನಗೆ ಬರುವ ಕೆಲಸ. ಅದಕ್ಕೆ ಈ ನಾಲ್ವರನ್ನು ಕರೆಸಿದ ಸಂಸ್ಥೆಯ ಉದಯ್ ಶಿಫಾರಸು ಪತ್ರ ಕೊಡಬೇಕು. ಅವರು ಕೊಟ್ಟರೆ ಜನವರಿಗೆ ವಿಮಾನ. ಕೊಡದಿದ್ದರೆ ಇಲ್ಲ.

ಉದಯ್ ಅವರ ಆಫೀಸು ಪೆರುಂಗುಡಿಯಲ್ಲಿ, ಗಾಜಿನ ಕಟ್ಟಡದ ಆರನೆಯ ಮಹಡಿ. ಅವರ ಅಜ್ಜ ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲಿಟ್ಟವರು. ಮೊಮ್ಮಗನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿ ತೆರೆದರೆ ಅರ್ಧ ತಮಿಳು ಬರುತ್ತದೆ. ಸಂದರ್ಶನದಲ್ಲಿ ಅವರು ನನ್ನ ಮನೆಯ ಬಗ್ಗೆ ಕೇಳಿದಾಗ ನಾನೇ ಬಾಯಿಬಿಟ್ಟಿದ್ದೆ. ತಾತ ಕಾವ್ಯ ಹಾಡುತ್ತಾರೆ, ದಿನಾ ಸಂಜೆ ಗಮಕ, ಕೊನೆಯ ದಿನ ಹಾಡುವ ಮಂಗಳ ಪದ್ಯ ಎಷ್ಟು ಚೆಂದವೆಂದರೆ ಬೀದಿಯವರೂ ನಿಂತು ಕೇಳುತ್ತಾರೆ, ಎಂದೆಲ್ಲ. ಉದಯ್ ಆಗಲೇ ಅದನ್ನು ಬರೆದುಕೊಂಡಿದ್ದರು.

ಕಾಸಿಮೇಡಿನಿಂದ ಮರಳುವಾಗ ವ್ಯಾನಿನಲ್ಲಿ ಹೇಳಿದರು: "ಚಿನ್ಮಯಿ, ಶುಕ್ರವಾರ ನಿಮ್ಮ ವೀಟಿಲೇ ಕಲ್ಚರ್ ಈವ್ನಿಂಗ್. ಬಾಳೆ ಎಲೆ ಊಟ, ತಾತಾ ಪಾಟ್ಟು. ಅಂದ ಲಾಸ್ಟ್ ಸಾಂಗ್ ವೇಣುಂ. ಕ್ಲೈಮ್ಯಾಕ್ಸ್. ನಿನ್ನ ಲೆಟರ್ ನಾನು ಶನಿವಾರ ಸೈನ್ ಪಣ್ರೇನ್." ನಮ್ಮ ಮನೆಯಲ್ಲಿ ಊಟ, ತಾತನ ಹಾಡು, ಆ ಕೊನೆಯ ಪದ್ಯ ಬೇಕೇ ಬೇಕು; ಶನಿವಾರ ನನ್ನ ಪತ್ರಕ್ಕೆ ಸಹಿ.

"ಸರ್, ಅದನ್ನ ಈಗ ಹಾಡಲ್ಲ ಅವರು. ಪುಸ್ತಕ ಮುಗಿದ ದಿನ ಮಾತ್ರ."

"ಮುಗಿಸ ಸೊಲ್ಲು" ಎಂದು ಉದಯ್ ನಕ್ಕರು. ಮುಗಿಸು ಅಂತ ಹೇಳು.

ನಮ್ಮ ಮನೆ ಪೆರಂಬೂರಿನಲ್ಲಿ, ರೈಲು ಹಳಿಗೆ ಎರಡು ಬೀದಿ ಆಚೆ. ತಾತ ಕಮಲಾಕರರಾಯರು ಮೂವತ್ತಾರು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಚೆನ್ನೈಯಿಂದ ಜೋಲಾರ್‌ಪೇಟೆಗೆ, ಜೋಲಾರ್‌ಪೇಟೆಯಿಂದ ಚೆನ್ನೈಗೆ. ಹಾಸನದ ಕಡೆಯ ನಮ್ಮ ಮನೆತನದಲ್ಲಿ ಕಾವ್ಯವಾಚನ ತಲೆತಲಾಂತರದಿಂದ ಬಂದದ್ದು; ತಾತ ಅದನ್ನು ಗಾರ್ಡಿನ ಬೋಗಿಯಲ್ಲೂ ಬಿಟ್ಟಿರಲಿಲ್ಲವಂತೆ. ಈಗ ಎಂಬತ್ತೆರಡು. ಕಣ್ಣಿನ ನರ ಒಣಗಿ ನಾಲ್ಕು ವರ್ಷವಾಯಿತು. ಹಾಗಾಗಿ ಸಂಜೆ ಏಳಕ್ಕೆ ನಾನು ವ್ಯಾಸಪೀಠದ ಮೇಲೆ ಪುಸ್ತಕ ತೆರೆದು ಒಂದು ಸಾಲು ಓದುತ್ತೇನೆ, ಅವರು ಆ ಸಾಲನ್ನು ಎತ್ತಿಕೊಂಡು ರಾಗದಲ್ಲಿ ಹಾಡುತ್ತಾರೆ. ದಿನಕ್ಕೆ ನಾಲ್ಕು ಪುಟ.

ಮಂಗಳಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕಥೆಯಲ್ಲಿ ಕಾಡಿಗೆ ಹೋದವರನ್ನು ಊರಿಗೆ ತರದೆ ಮಂಗಳ ಹಾಡಬಾರದು. ಹಾಡಿದರೆ ಪುಸ್ತಕ ಮುಚ್ಚಿದ ಹಾಗೆ. ಕೆಂಪು ಪಟ್ಟೆವಸ್ತ್ರದಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟುಬಿಡಬೇಕು. ಮತ್ತೆ ತೆರೆದರೆ ಮೊದಲ ಪುಟದಿಂದಲೇ. ನಡುವಿನಿಂದ ಎತ್ತಿಕೊಳ್ಳುವ ಹಾಗಿಲ್ಲ.

ಈ ಸಲದ ಓದನ್ನು ಆರಂಭಿಸಿದಾಗ ನಮ್ಮ ಅಜ್ಜಿ ಜಯಲಕ್ಷ್ಮೀ ಬದುಕಿದ್ದರು. ಹುರುಳಿಕಾಯಿಯ ನಾರು ತೆಗೆಯುತ್ತ, ಕಾಲು ಚಾಚಿ ಕೂತು ಕೇಳುತ್ತಿದ್ದರು. ಕಥೆಯವರು ಕಾಡಿಗೆ ಕಾಲಿಟ್ಟ ವಾರವೇ ಅಜ್ಜಿ ಹೋದರು. ಹದಿಮೂರನೆಯ ದಿನ ತಾತ ಎಲ್ಲರ ಮುಂದೆ ಹೇಳಿದ್ದು ಇಷ್ಟೇ: "ಜಯ ಕಥೆಯವರನ್ನ ಕಾಡಲ್ಲಿ ಬಿಟ್ಟು ಹೋಗಿದಾಳೆ. ನಾನು ಊರಿಗೆ ಕರ್ಕೊಂಡು ಬಂದು ಅವಳಿಗೆ ಒಪ್ಪಿಸ್ತೀನಿ. ಆಮೇಲೆ ನನ್ನನ್ನ ಯಾರು ಕರೆದ್ರೂ ಸರಿ."

ಉದಯ್ ಕೇಳಿದ ದಿನ ಊರಿಗೆ ಇನ್ನೂ ನೂರ ಹನ್ನೊಂದು ಪುಟ ಇತ್ತು.

ಗುರುವಾರ ಸಂಜೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಅಸಹ್ಯವಾಗುತ್ತದೆ. ತಾತ ಕುರ್ಚಿಯಲ್ಲಿ ಕೂತು, ಕೈ ಮುಗಿದು, ಕಣ್ಣು ಮುಚ್ಚಿಕೊಂಡರು. ಕುರುಡರಾದ ಮೇಲೂ ಮುಚ್ಚುತ್ತಾರೆ. ನಾನು ಬುಕ್‌ಮಾರ್ಕು ತೆಗೆದು, ಹಾಳೆಗಳನ್ನು ಸದ್ದಾಗದಂತೆ ಹಿಡಿಯಾಗಿ ಮಗುಚಿ, ಕೊನೆಯ ಸಂಧಿಗೆ ಹೋದೆ. ಪಟ್ಟಾಭಿಷೇಕದ ಪದ್ಯದ ಮೊದಲ ಸಾಲನ್ನು ದಿನಾ ಓದುವ ಧ್ವನಿಯಲ್ಲೇ ಓದಿದೆ.

ತಾತ ಎತ್ತಿಕೊಳ್ಳಲಿಲ್ಲ. ಪೆರಂಬೂರು ಸ್ಟೇಷನ್ನಿನಿಂದ ಒಂದು ಲೋಕಲ್ ಹೊರಟು ಹೋಯಿತು.

"ಎಷ್ಟು ಪುಟ ಹಾರಿಸ್ದೆ, ಮಗಾ?"

"ನೂರು ಚಿಲ್ಲರೆ, ತಾತ."

"ಗಾಳಿ ಬಂತು ಮುಖಕ್ಕೆ. ಒಂದು ಹಾಳೆ ಮಗುಚಿದ್ರೆ ಅಷ್ಟು ಗಾಳಿ ಬರಲ್ಲ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಯಾಕೆ?"

ಹೇಳಿದೆ. ಪತ್ರ, ಉದಯ್, ಶುಕ್ರವಾರ, ಡೆನ್ಮಾರ್ಕು, ಜನವರಿ. ತಾತ ಕೇಳಿಕೊಂಡರು.

"ಅಲ್ಲಿ ನಿಂಗೆ ಏನು ಕೆಲಸ ಅಂದೆ?"

"ಮುದುಕರು ಹೇಳೋದನ್ನ ಕೇಳೋದು."

ಒಳಗಿನಿಂದ ಅಮ್ಮ, "ಅದಕ್ಕೆ ವಿಮಾನ ಬೇಕೇನೇ?" ಎಂದಳು. ಅಮ್ಮ ಅನಸೂಯ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಅಪ್ಪ ಬ್ಯಾಂಕಿನ ಕೆಲಸಕ್ಕೆ ಮದುರೆಯಲ್ಲಿದ್ದುದರಿಂದ ಮನೆಯಲ್ಲಿ ಗದರುವ ಕೆಲಸವೂ ಅವಳದೇ.

"ಸುಮ್ನಿರು ಅನಸೂಯಾ" ಎಂದರು ತಾತ. ಸ್ವಲ್ಪ ಹೊತ್ತು ಬೆರಳಿನಿಂದ ಕುರ್ಚಿಯ ಕೈ ತಟ್ಟಿದರು, ತಾಳ ಹಾಕುವ ಹಾಗೆ. "ಬರ್ಲಿ ನಾಳೆ. ಹಾಡ್ತೀನಿ."

"ಮಂಗಳಾನಾ, ತಾತ?"

"ಅವರಿಗೆ ಬೇಕಾಗಿರೋದು ಆ ಮಟ್ಟು ತಾನೇ? ಹಾಡ್ತೀನಿ ಅಂದೆನಲ್ಲ."

ನಾನು ಅವರ ಕಾಲಿಗೆ ಬಿದ್ದೆ. ಅಂಥ ನಮಸ್ಕಾರವನ್ನು ನಾಯಿಯೂ ಹಾಕುವುದಿಲ್ಲ.

ಶುಕ್ರವಾರ ಮಧ್ಯಾಹ್ನವೇ ಉದಯ್ ಬಂದು ಮನೆ ನೋಡಿದರು. ಟ್ಯೂಬ್‌ಲೈಟ್ ಬೇಡ, ದೀಪ ಸಾಕು. ಟಿವಿಯ ಮೇಲೆ ಬಟ್ಟೆ.

"ಮಾಮಿ, ಅಂದ ಫ್ರಿಜ್ ಮೇಲೂ ಒಂದು ಸೀರೆ ಪೋಡುಂಗ."

"ಯಾಕಪ್ಪಾ? ನಮ್ಮನೆ ಫ್ರಿಜ್ಜು ಮೈಲಿಗೆ ಆಗಿದ್ಯಾ?"

"ಸಿಂಪಲ್ ಲೈಫ್ ನೋಡೋಕೆ ವರಾಂಗ, ಮಾಮಿ. ಆಥೆಂಟಿಕ್ಕಾ ಇರಬೇಕು."

"ಹಂಗಾದ್ರೆ ವಾಷಿಂಗ್ ಮಷೀನನ್ನ ನೀನೇ ಹೊತ್ಕೊಂಡು ಹೋಗು. ವಾರದ ಬಟ್ಟೆ ಬಂದು ಒಗ್ದು ಹೋಗು, ಆಥೆಂಟಿಕ್ಕಾಗಿ."

ಉದಯ್ ನಕ್ಕು, ತಾತನ ಉಲ್ಲನ್ ಟೋಪಿ ತೆಗೆಸಿ ಜರತಾರಿ ಶಾಲು ಹೊದಿಸಿದರು. ಹೊದಿಸುವಾಗ ತಾತನಿಗೆ ಏನನ್ನೂ ಕೇಳಲಿಲ್ಲ. ಗೊಂಬೆಗೆ ಉಡಿಸಿದ ಹಾಗೆ ಕೈ ಎತ್ತಿ ಇಳಿಸಿದರು. ನಾನು ನೋಡುತ್ತ ನಿಂತಿದ್ದೆ.

ಆರು ಗಂಟೆಗೆ ನಾಲ್ವರೂ ಬಂದರು. ಕುಂಕುಮ ಹಚ್ಚುವಾಗ ಒಬ್ಬಳು ಕಿರುಚಿ ನಕ್ಕಳು, ಇನ್ನೊಬ್ಬ ಅದನ್ನು ಮತ್ತೊಮ್ಮೆ ಹಚ್ಚಿಸಿಕೊಂಡ, ಮೊದಲ ಸಲದ್ದು ಫೋಟೋದಲ್ಲಿ ಸರಿಯಾಗಿ ಬಂದಿರಲಿಲ್ಲವಂತೆ. ಎಲೆಯ ಮುಂದೆ ಕೂತರು. ಯೋನಾಸ್ ಅನ್ನವನ್ನು ಹಿಡಿಯಲ್ಲಿ ಹಿಸುಕಿ, ಬೆರಳ ಸಂದಿನಿಂದ ಹಿಟ್ಟಿನಂತೆ ಹೊರಬರುವುದನ್ನು ವಿಡಿಯೋ ಮಾಡಿಸಿಕೊಂಡ. ಆಮೇಲೆ ಸಾರು ರುಚಿಯಾಗಿದೆ ಎಂದು ಸೌಟನ್ನೇ ಬಾಯಿಗಿಟ್ಟು ನೆಕ್ಕಿ, ಪಾತ್ರೆಯೊಳಕ್ಕೆ ಅದ್ದಿದ. ಅಮ್ಮ ಒಂದು ಮಾತೂ ಆಡದೆ ಇಡೀ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಬಚ್ಚಲಿಗೆ ಸುರಿದ ಸದ್ದು ಕೇಳಿಸಿತು. ಎಂಜಲು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ನನಗೆ ಹೊಳೆಯಲಿಲ್ಲ, ಹೊಳೆದಿದ್ದರೂ ಹೇಳುತ್ತಿರಲಿಲ್ಲ. "ಇನ್ನಷ್ಟು ಬಿಸಿ ಸಾರು ತರಲು ಹೋಗಿದ್ದಾಳೆ" ಎಂದೆ.

ಮುಗಿದಾಗ ಎಲೆಗಳ ಮೇಲೆ ಅರ್ಧ ತಿಂದ ಹೋಳಿಗೆ, ಅದರ ಮೇಲೆ ಮುದುರಿದ ಟಿಶ್ಯೂ, ಸ್ಯಾನಿಟೈಸರಿನ ನಾತ. ಯಾರೋ ವ್ಯಾಸಪೀಠದ ಮೇಲೆ ನೀರಿನ ಬಾಟಲಿ ಇಟ್ಟಿದ್ದರು. ಪುಸ್ತಕದ ರಟ್ಟಿನ ಮೇಲೆ ಒದ್ದೆಯ ಉಂಗುರ. ನಾನು ತೆಗೆಯಲು ಹೋಗುವಷ್ಟರಲ್ಲಿ ಇನ್ನೊಂದು ಕೈ ಬಾಟಲಿಯನ್ನು ಎತ್ತಿ, ತನ್ನ ತೋಳಿನಿಂದ ರಟ್ಟು ಒರೆಸಿತು. ಇಡೀ ಹೊತ್ತು ಮಾತಾಡದೆ ಕೂತಿದ್ದ, ಎಲೆ ಪೂರ್ತಿ ಖಾಲಿ ಮಾಡಿದ ಹುಡುಗಿ. ಹೆಸರು ಮಾರಿತ್.

ತಾತ ಸದ್ದಿಗೆ ತಿರುಗಿದರು. "ಯಾರದು?"

"ಮಾರಿತ್ ಅಂತ, ತಾತ."

"ಏನು? ಮಾರಿನಾ?"

"ಮಾರಿತ್."

"ಮಾರೀನೇ ಮನೆಗೆ ಕರ್ಕೊಂಡು ಬಂದ್ಯಲ್ಲೇ! ಸರಿ, ಇಲ್ಲೇ ಕೂತ್ಕೊಳ್ಳಮ್ಮ, ಮಾರಿ." ಅವಳಿಗೆ ಅರ್ಥವಾಗದಿದ್ದರೂ ಅವರು ತೋರಿಸಿದ ಜಾಗದಲ್ಲೇ, ಕಾಲ ಬಳಿ, ಕೂತಳು. ತನ್ನ ಫೋನನ್ನು ತಾತನ ಪಾದದ ಪಕ್ಕ ನೆಲಕ್ಕಿಟ್ಟು ಸುಮ್ಮನಾದಳು.

ಉದಯ್‌ಗೆ ಯಾರದೋ ಕರೆ ಬಂತು, ನವೆಂಬರಿನ ಗುಂಪಿನ ವ್ಯಾನಿನ ವಿಷಯ. ತಮ್ಮ ಇನ್ನೊಂದು ಫೋನನ್ನು ವಿಡಿಯೋ ಮಾಡಲು ನನ್ನ ಕೈಗೆ ಕೊಟ್ಟು, "ಫ್ರೇಮ್ ಪಾತ್ತುಕ್ಕೋ, ದೀಪ ಕಾಣಬೇಕು" ಎಂದು ಕೆಳಗಿಳಿದು ಹೋದರು.

ತಾತ ಗಂಟಲು ಸರಿಮಾಡಿಕೊಂಡು ಮಧ್ಯಮಾವತಿಯಲ್ಲಿ ಎತ್ತಿದರು. ಅದೇ ಮಟ್ಟು. ನಾನು ಹುಟ್ಟಿದ ಮೇಲೆ ಎರಡೇ ಸಲ ಕೇಳಿದ್ದ ಮಟ್ಟು. ಎರಡು ಸಲವೂ ಪಾಯಸ, ಎರಡು ಸಲವೂ ಅಜ್ಜಿಯ ಮೂಗಿನ ಮೇಲೆ ಬೆವರಿನ ಹನಿ. ಅವರು ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದರು. ನನಗೆ ಕೇಳಿಸಿಕೊಳ್ಳುವುದು ಬೇಡ ಎನಿಸಿತು. ಕಾಡಿನಲ್ಲಿರುವವರನ್ನು ಕಾಡಿನಲ್ಲೇ ಬಿಟ್ಟು ಬಾಗಿಲು ಹಾಕುವ ಸದ್ದು ಅದು, ಹಾಕಿಸಿದವಳು ನಾನು. ಹಿಂದಿನ ರಾತ್ರಿಯೇ ಮಂಗಳ ಪದ್ಯವನ್ನು ಇಂಗ್ಲಿಷಿಗೆ ಇಳಿಸಿ ಬರೆದಿಟ್ಟಿದ್ದ ಕಾಗದ ತೆಗೆದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾಗದ. ತಾತನ ಹಾಡಿನ ಮೇಲೆಯೇ ಓದತೊಡಗಿದೆ. ಹೇಳಿದವರಿಗೆ ಆಯುಸ್ಸು, ಕೇಳಿದವರಿಗೆ ಬೆಳಕು, ದಾರಿ ತಪ್ಪಿದವರಿಗೆ ಮನೆ. ತಾತ ಏರಿದಂತೆ ನಾನೂ ಧ್ವನಿ ಏರಿಸಿದೆ. ಯೋನಾಸ್ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಅಮ್ಮ ಅಳುವುದನ್ನು ಅಜ್ಜಿ ಹೋದ ದಿನ ಬಿಟ್ಟರೆ ಕಂಡಿರಲಿಲ್ಲ. ನಾನು ಕಾಗದದೊಳಗೆ ಮುಖ ಹುದುಗಿಸಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಗಮಕಕ್ಕೆ ಚಪ್ಪಾಳೆ. ಉದಯ್ ಮೇಲೆ ಬಂದು, ಮುಗಿದದ್ದು ನೋಡಿ, ಹೆಬ್ಬೆರಳೆತ್ತಿದರು.

ಅವರು ಹೋದ ಮೇಲೆ ಎಲೆ ಎತ್ತಿ, ನೆಲ ಸಾರಿಸಿ, ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಕಟ್ಟಿದೆ. ಒದ್ದೆ ಉಂಗುರ ಹೋಗಿರಲಿಲ್ಲ.

"ಕಟ್ಟಿದ್ಯಾ?" ಎಂದರು ತಾತ.

"ಕಟ್ಟಿದೆ ತಾತ."

"ಹೂಂ. ನಾನು ಹಾಡಿದ್ದು ಕೇಳಿಸ್ತಾ ನಿಂಗೆ?"

"ಕೇಳಿಸ್ತು ತಾತ."

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು."

"ಹೂಂ" ಎಂದರು.

ಶನಿವಾರ ಪತ್ರ ಬಂತು. ಉದಯ್ ಮಾತಿಗೆ ತಪ್ಪುವವರಲ್ಲ. 'ಚಿನ್ಮಯಿ ಅಪರೂಪದ ಕೇಳುಗಾರ್ತಿ. ಅಂಧ ತಾತನಿಗೆ ಕಣ್ಣಾಗಿ, ಅವರ ಒಂದೊಂದು ಶಬ್ದವನ್ನೂ ಎದೆಗಿಳಿಸಿಕೊಂಡವಳು' ಎಂಬ ಅರ್ಥದ ಇಂಗ್ಲಿಷು. ಓದುವಾಗ ಯಾರದೋ ಎಂಜಲು ಸೌಟು ನನ್ನ ಬಾಯಿಗೆ ಬಂದ ಹಾಗಾಯಿತು. ಆದರೂ ಕಳಿಸಿದೆ. ಮಂಗಳವಾರ ಡೆನ್ಮಾರ್ಕಿನಿಂದ ಒಬ್ಬ ಹೆಂಗಸು ವಿಡಿಯೋದಲ್ಲಿ ಮಾತಾಡಿಸಿದಳು. ಒಳ್ಳೆಯವಳು. ಕೊನೆಗೆ ಕೇಳಿದಳು: ನಿನ್ನ ತಾತ ಇತ್ತೀಚೆಗೆ ನಿನಗೆ ಹೇಳಿದ್ದರಲ್ಲಿ ಯಾವುದು ನೆನಪಿದೆ? ನಾನು ಕಾಗದದಲ್ಲಿದ್ದುದನ್ನೇ ಹೇಳಿದೆ. ಕೇಳಿದವರಿಗೆ ಬೆಳಕು, ದಾರಿ ತಪ್ಪಿದವರಿಗೆ ಮನೆ. ಅವಳ ಕಣ್ಣು ಒದ್ದೆಯಾಯಿತು. ಆಯ್ಕೆಯಾಗಿದ್ದೀಯ, ಮುಂದಿನ ಸೋಮವಾರದೊಳಗೆ ಒಪ್ಪಿಗೆ ಬರೆದು ಕಳಿಸು, ಎಂದಳು.

ಆ ದಿನಗಳಲ್ಲಿ ಸಂಜೆ ಏಳಾದರೆ ತಾತ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ಕೈ ಮುಗಿದು, ಕಣ್ಣು ಮುಚ್ಚಿ. ಎದುರಿಗೆ ಖಾಲಿ ವ್ಯಾಸಪೀಠ. ಅರ್ಧ ಗಂಟೆ ಕೂತು ಎದ್ದು ಹೋಗುತ್ತಿದ್ದರು. ನನ್ನನ್ನು ಕರೆಯಲಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಡೇನಿಷ್ ಕ್ರಿಯಾಪದ ಕಲಿಯುತ್ತಿದ್ದೆ. ಊಟದ ಹೊತ್ತಿಗೆ ಅಮ್ಮ ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದಳು, ಏನೋ ಕೇಳಲು ಬಾಯಿ ತೆರೆದು ಮುಚ್ಚುತ್ತಿದ್ದಳು. ಬೈದುಬಿಟ್ಟಿದ್ದರೆ ಹಗುರವಾಗುತ್ತಿತ್ತು.

ಒಂಬತ್ತನೆಯ ದಿನ, ಭಾನುವಾರ ಮಧ್ಯಾಹ್ನ, ಮಾರಿತ್‌ಳಿಂದ ಸಂದೇಶ ಬಂತು. ಸೇವೆ ಮುಗಿಸಿ ನಾಲ್ವರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದರು, ಅಲ್ಲಿಂದ ವಿಮಾನ.

'ನಿನ್ನ ತಾತನ ಹಾಡನ್ನು ದಿನಾ ಕೇಳುತ್ತಿದ್ದೇನೆ. ಪದಗಳು ಗೊತ್ತಿಲ್ಲ, ಆದರೆ ಬಾಯಿಪಾಠವಾಗಿದೆ. ಒಂದು ಕೇಳಲೇ? ನಿನ್ನೆ ನಮ್ಮ ರೈಲು ಕಾಟ್ಪಾಡಿ ಅನ್ನುವ ಕಡೆ ನಿಂತಿತು. ಆಮೇಲೆ ಜೋಲಾರ್‌ಪೇಟೆ. ಎರಡೂ ಹಾಡಿನಲ್ಲಿ ಬರುತ್ತವಲ್ಲ? ಅವು ಪುಣ್ಯಕ್ಷೇತ್ರಗಳೇ?'

ಕೆಳಗೆ ಅವಳು ನೆಲದ ಮೇಲಿಟ್ಟಿದ್ದ ಫೋನಿನ ಧ್ವನಿಮುದ್ರಣ.

ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಕೂತೆ. ದೂರದಲ್ಲಿ ನನ್ನ ಇಂಗ್ಲಿಷು, ತಗಡು ಬಡಿದ ಹಾಗೆ. ಹತ್ತಿರದಲ್ಲಿ ತಾತ. ಒಂದೊಂದು ಅಕ್ಷರವನ್ನೂ ಎಳೆದು, ತಿರುವಿ, ಮಧ್ಯಮಾವತಿಯಲ್ಲಿ ಅದ್ದಿ:

ಗಾಡಿ ಹೊರಟುದು ಪೆರಂಬೂರನು
ಓಡಿ ದಾಟಿತು ವಿಲ್ಲಿವಾಕವ
ನೋಡಿರಾವಡಿ ತಿರುವಳೂರನು ಮುಂದರಕೋಣವೂ
ಕಾಡಿನಂಚಿಗೆ ಕಾಟುಪಾಡಿಯು
ಬೇಡಿ ಸಿಗ್ನಲನಲ್ಲಿ ನಿಂತುದು
ಗಾಡಿ ಜೋಲಾರ್ಪೇಟೆಯಲ್ಲೇ ಕಾಡಿನವರೊಡನೇ

ಮೂರು ಸಲ ಕೇಳಿದೆ. ಮಂಗಳ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಮಟ್ಟು ಮಾತ್ರ. ಮಾತ್ರೆ ಒಂದೂ ತಪ್ಪಿಲ್ಲ, ಪ್ರಾಸ ತಪ್ಪಿಲ್ಲ. ಗಾಡಿ ಮುಂದಕ್ಕೆ ಹೋಗಿಲ್ಲ, ಬಾಗಿಲು ಮುಚ್ಚಿಲ್ಲ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಮೂವರು. ಒಬ್ಬರು ಹಾಡಿದರು. ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಇನ್ನೊಬ್ಬಳು ಮೂರಡಿ ದೂರದಲ್ಲಿ ನಿಂತು, ತನ್ನ ಬೀದಿಯ ಸ್ಟೇಷನ್ನಿನ ಹೆಸರನ್ನೂ ಕೇಳಿಸಿಕೊಳ್ಳದೆ, ಕೇಳಿದವರಿಗೆ ಬೆಳಕು ಎಂದು ಓದುತ್ತಿದ್ದಳು. ಭಾಷೆ ಬಾರದ ಮಾರಿ ಕೇಳಿಸಿಕೊಂಡಿದ್ದಳು.

ನನ್ನ ಕಿವಿಯನ್ನು ಕಿತ್ತು ಬಿಸಾಡಬೇಕೆನಿಸಿತು, ಬಂದರಿನ ಆ ಕರುಳಿನ ರಾಶಿಗೆ.

ಅಮ್ಮ ಅಕ್ಕಿ ಆರಿಸುತ್ತಿದ್ದಳು. "ನಿಂಗೆ ಗೊತ್ತಿತ್ತಲ್ಲ" ಎಂದೆ.

"ಮಾವನವರು ಬಾಯಿಗೆ ಬೀಗ ಹಾಕ್ಬಿಟ್ಟಿದ್ರು ಕಣೇ. ಅವಳೇ ಕೇಳಿಸ್ಕೋಬೇಕು, ನೀನು ಹೇಳಿದ್ರೆ ನನ್ನಾಣೆ ಅಂತ." ಅವಳು ಮೊರ ಕೆಳಗಿಟ್ಟಳು. "ಮೊದಲ್ನೇ ದಿನ ನಗು ಬಂತು. ಆಮೇಲೆ ಬರ್ಲಿಲ್ಲ. ಒಂಬತ್ತು ದಿನವೇನೇ, ಚಿನ್ನೂ?"

ಉದಯ್‌ಗೆ ಫೋನು ಮಾಡಿದೆ. "ಸರ್, ತಾತ ಹಾಡಿದ್ದು ಮಂಗಳ ಅಲ್ಲ."

"ಪಿನ್ನೆ ಎನ್ನ?"

"ಜೋಲಾರ್‌ಪೇಟೆ ಲೈನಿನ ಸ್ಟೇಷನ್ ಪಟ್ಟಿ."

ಅವರು ಗಹಗಹಿಸಿ ನಕ್ಕರು. "ಸೂಪರ್ ತಾತಾ! ವಿಡು, ಯಾರಿಗೆ ಗೊತ್ತಾಗುತ್ತೆ? ವಿಡಿಯೋ ನಾಲ್ಕು ಸಾವಿರ ಜನ ಪಾತ್ತಾಚು. 'ಡಿವೈನ್' ಅಂತ ಬರೆದಿದ್ದಾರೆ. ನವೆಂಬರ್ ಬ್ಯಾಚ್‌ಗೂ ಅದೇ ಇರಲಿ."

"ನವೆಂಬರಿಗೆ ಇಲ್ಲ, ಸರ್. ನಾನೂ ಬರಲ್ಲ. ಆ ಮಕ್ಕಳ ಗೋಡೆಗೆ ಮತ್ತೆ ಸುಣ್ಣ ಹೊಡೆಸಬೇಡಿ. ನಿಮ್ಮ ಪತ್ರದಲ್ಲಿ ಬರೆದಿರೋದು ಸುಳ್ಳು, ಡೆನ್ಮಾರ್ಕಿನವರಿಗೆ ನಾನೇ ತಿಳಿಸ್ತೀನಿ."

"ಪೈತ್ಯಮಾ ನಿನಕ್ಕು?" ಎಂದರು. ಹುಚ್ಚೇ ನಿನಗೆ? ಫೋನು ಇಟ್ಟೆ.

ಡೆನ್ಮಾರ್ಕಿಗೆ ಬರೆಯುವುದು ಹೆಚ್ಚು ಕಷ್ಟವಾಯಿತು. ಐದು ಸಲ ಅಳಿಸಿದೆ. ಕೊನೆಗೆ ಉಳಿದದ್ದು ಮೂರು ಸಾಲು: ತಾತ ಹೇಳಿದ್ದೆಂದು ನಿಮಗೆ ಹೇಳಿದ ಮಾತನ್ನು ಅವರು ಅಂದು ಹೇಳಿರಲಿಲ್ಲ. ಅವರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಈ ಜನವರಿಗೆ ನಾನು ಬರಲಾರೆ. ಮಾರಿತ್‌ಗೂ ಬರೆದೆ, ಅವು ಪುಣ್ಯಕ್ಷೇತ್ರಗಳಲ್ಲ, ತಾತ ದುಡಿದ ಸ್ಟೇಷನ್ನುಗಳು ಎಂದು. ಕಾಸಿಮೇಡಿನ ಹೆಂಗಸು ನಿಜವಾಗಿ ಏನಂದಳೆಂಬುದನ್ನೂ ಬರೆದು, ಯೋನಾಸ್‌ಗೆ ತಿಳಿಸು ಎಂದೆ.

ಏಳು ಗಂಟೆಗೆ ತಾತ ಕುರ್ಚಿಗೆ ಬಂದರು. ಕೈ ಮುಗಿದರು, ಕಣ್ಣು ಮುಚ್ಚಿದರು. ನಾನು ಗೂಡಿನಿಂದ ಪುಸ್ತಕ ಇಳಿಸಿ ಗಂಟು ಬಿಚ್ಚಿದೆ. ಪಟ್ಟೆವಸ್ತ್ರದ ಸರಬರಕ್ಕೆ ಅವರ ತಲೆ ಒಂದಿಷ್ಟು ವಾಲಿತು.

"ತಾತ, ಗಾಡಿ ಎಲ್ಲಿದೆ?"

"ಜೋಲಾರ್‌ಪೇಟೆ" ಎಂದರು, ಕಣ್ಣು ತೆರೆಯದೆ. "ಸಿಗ್ನಲ್ ಸಿಕ್ಕಿರಲಿಲ್ಲ. ಒಂಬತ್ತು ದಿನ ಲೇಟು."

"ತಪ್ಪಾಯ್ತು."

"ಗಾರ್ಡ್ ಕೆಲಸದಲ್ಲಿ ತಪ್ಪಾಯ್ತು ಅಂತ ಒಂದು ಮಾತಿಲ್ಲ, ಮಗಾ. ಲೇಟು ಯಾಕಾಯ್ತು ಅಂತ ಬರೀಬೇಕು, ಅಷ್ಟೇ." ಮತ್ತೆ ಕೇಳಿದರು: "ಯಾರು ಹೇಳಿದ್ದು ನಿಂಗೆ? ಅನಸೂಯಾನಾ?"

"ಇಲ್ಲ. ಮಾರಿ."

"ಎಲೆ ಖಾಲಿ ಮಾಡಿದ ಹುಡುಗಿ" ಎಂದರು ತಾತ. ಅದು ಅವರಿಗೆ ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ.

ಕೊನೆಯ ಸಂಧಿಯಿಂದ, ಬುಕ್‌ಮಾರ್ಕು ಎಲ್ಲಿಂದ ತೆಗೆದಿದ್ದೆನೋ ಅಲ್ಲಿಗೆ ಹಾಳೆಗಳನ್ನು ಒಂದೊಂದಾಗಿ ಮಗುಚಿದೆ, ಹಿಂದಕ್ಕೆ, ಪ್ರತಿ ಹಾಳೆಯೂ ಅವರಿಗೆ ಕೇಳುವ ಹಾಗೆ. ಅವರ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ನಾನು ನಿಲ್ಲಿಸಿದ ಮೇಲೆ ತಲೆದೂಗಿದರು.

ಕಾಡಿನಲ್ಲಿ ಕಥೆಯವರಿಗೆ ಬಾಯಾರಿಕೆಯಾಗಿತ್ತು. ನೀರು ಹುಡುಕಲು ಒಬ್ಬನನ್ನು ಕಳಿಸಿದ್ದರು. ನಾನು ಆ ಸಾಲು ಓದಿ, ಬಾಯಿ ಮುಚ್ಚಿಕೊಂಡು ಕೂತೆ.